ಮೊಸರಿಗೆ ಕಾದ ಪಂಕ್ತಿ

ಅಮೆರಿಕದ ಸ್ಕೋಕಿಯಲ್ಲಿದ್ದ ಕೌಸಲ್ಯಾ ಹುಟ್ಟಿದ್ದು ಹಿಮಾಚಲದ ಕಾಂಗ್ಡಾ ಕಣಿವೆಯಲ್ಲಿ, ಕನ್ನಡ ಕಲಿತದ್ದು ಗದಗಿನ ಅಡುಗೆಮನೆಯಲ್ಲಿ. ಲುಧಿಯಾನದಲ್ಲಿ ಜೊತೆಗೆ ಓದಿದ ಕಲ್ಲಿನಾಥನನ್ನು ಮದುವೆಯಾಗಿ, ಅಮೆರಿಕಕ್ಕೆ ಹೊರಡುವ ಮೊದಲು ಒಂದು ವರ್ಷ ಅತ್ತೆ ನೀಲಮ್ಮನ ಕೈಕೆಳಗೆ ರೊಟ್ಟಿ ಬಡಿದಿದ್ದಳು. ಅವಳ ರೊಟ್ಟಿ, ಕನ್ನಡ ಎರಡೂ ಒಟ್ಟಿಗೇ ದುಂಡಗಾದವು ಎಂದು ಕಲ್ಲಿನಾಥ ಬಂದವರಿಗೆಲ್ಲ ಹೇಳುತ್ತಿದ್ದ. ತವರಿನ ಅಡುಗೆಯನ್ನು ಮಾತ್ರ ಅವಳು ಆ ಮನೆಯಲ್ಲಿ ಒಮ್ಮೆಯೂ ಮಾಡಿರಲಿಲ್ಲ. ಮಾಡು ಎಂದು ಯಾರೂ ಹೇಳಿರಲಿಲ್ಲ.

1974ರ ಬೇಸಿಗೆಯಲ್ಲಿ ನೀಲಮ್ಮ ಸ್ಕೋಕಿಗೆ ಬಂದಾಗ ಕೌಸಲ್ಯಾ ನಿಶ್ಚಯ ಮಾಡಿದಳು: ಅತ್ತೆ ಊರಿಗೆ ಮರಳುವುದರೊಳಗೆ ಕಾಂಗ್ಡಾದ ಧಾಮ್ ಉಣ್ಣಿಸಬೇಕು, ಅತ್ತೆ ತಾವಾಗಿ ತಟ್ಟೆ ಚಾಚಿ ಇನ್ನಷ್ಟು ಕೇಳಬೇಕು. ಧಾಮ್ ಎಂದರೆ ಅಲ್ಲಿಯ ಮದುವೆ-ಹಬ್ಬಗಳ ಪಂಕ್ತಿಯೂಟ. ಅಡುಗೆಗೆ ಈರುಳ್ಳಿ, ಬೆಳ್ಳುಳ್ಳಿ ಸೋಕಬಾರದು. ಕೊನೆಗೆ ಸಿಹಿ ಅನ್ನ. ಅದಾದ ಮೇಲೆ ಹಿರಿಯರು ಎದ್ದರೆ ಇಡೀ ಸಾಲು ಏಳುತ್ತದೆ. ಅವರಿಗಿಂತ ಮೊದಲು ಯಾರೂ ಏಳುವಂತಿಲ್ಲ.

ಒಂದು ಭಾನುವಾರ ಬೆಳಗ್ಗೆ ಅವಳು ಧಾಮ್‌ನ ಮೊಸರಿನ ಸಾರು, ಮದ್ರಾ ಮಾಡಲು ನಿಂತಳು. ಬೆಂದ ಕಾಬೂಲಿ ಕಡಲೆಗೆ ಕಡೆದ ಮೊಸರು ಬೆರೆಸಿ, ಕುದಿ ಬರುವವರೆಗೂ ಸಣ್ಣ ಉರಿಯಲ್ಲಿ ತಿರುವುತ್ತಲೇ ಇರಬೇಕು. ಕೈ ನಿಂತರೆ ಒಡೆಯುತ್ತದೆ.

ನೀಲಮ್ಮ ಬಾಗಿಲಲ್ಲಿ ಬಂದು ನಿಂತಳು. "ಮಜ್ಜಿಗಿ ಸಾರಿಗೆ ಇಷ್ಟು ಸಂಭ್ರಮ ಯಾಕವಾ?"

"ಅತ್ತಿ, ಈಗ ಮಾತಾಡಸಬ್ಯಾಡ್ರಿ, ಒಡೀತೈತಿ."

"ಮಾತಿಗೆ ಒಡೆಯೋ ಸಾರು ಇವತ್ತ ನೋಡಿದೆ ನೋಡು!"

ಮಧ್ಯಾಹ್ನಕ್ಕೆ ಡೆಟ್ರಾಯಿಟ್ ಕಡೆಯಿಂದ ಕಲ್ಲಿನಾಥನ ಗೆಳೆಯ, ಮೈಸೂರು ಮೂಲದ ಬದರೀನಾಥ, ಅವನ ಹೆಂಡತಿ ಅಂಬುಜಾ ಡ್ರೈವ್ ಮಾಡಿಕೊಂಡು ಬಂದರು. ಕೌಸಲ್ಯಾ ಬೇಸ್‌ಮೆಂಟಿನಲ್ಲಿ ಬೆಡ್‌ಶೀಟು ಹಾಸಿ, ಪೇಪರ್ ಪ್ಲೇಟು ಇಟ್ಟು, ಎಲ್ಲರನ್ನೂ ಸಾಲಾಗಿ ಕೂರಿಸಿದಳು. ಅನ್ನ, ಮದ್ರಾ, ಉದ್ದಿನ ದಾಲ್, ಹುಣಸೆಯ ಖಟ್ಟಾ, ಕೊನೆಗೆ ಸಿಹಿ ಅನ್ನ ಬಂದವು. ನೀಲಮ್ಮ ಬಡಿಸಿದ್ದನ್ನೆಲ್ಲ ಉಂಡಳು. ಬೇಕೆನ್ನಲಿಲ್ಲ, ಬೇಡವೆನ್ನಲಿಲ್ಲ.

ಸಿಹಿ ಅನ್ನವೂ ಮುಗಿಯಿತು. ನೀಲಮ್ಮ ಏಳಲಿಲ್ಲ. ಯಾರೂ ಏಳಲಿಲ್ಲ. ಕೈ ಒಣಗತೊಡಗಿತು. ಹಿರಿಯರು ಏಳದೆ ಕೂತರೆ ಊಟದಲ್ಲಿ ಕುಂದಿದೆ ಎಂದು ಕೌಸಲ್ಯಾಳ ಅಜ್ಜಿ ಹೇಳುತ್ತಿದ್ದಳು. ಉಪ್ಪೋ? ಹುಳಿಯೋ?

ಕೊನೆಗೆ ಬದರೀನಾಥ ಗಂಟಲು ಸರಿಮಾಡಿಕೊಂಡ. "ತಪ್ಪು ತಿಳೀಬೇಡಿ... ಮೊಸರು?"

"ನೀವೆಲ್ಲಾ ಮೊಸರಿಗೆ ಕೂತೀರೇನು?" ಎಂದಳು ಕೌಸಲ್ಯಾ.

"ಮತ್ತ?" ಎಂದ ಕಲ್ಲಿನಾಥ. "ಮೊಸರಿಲ್ಲದ ಏಳೋದು ಹ್ಯಾಂಗ?"

"ನಾನು ಅತ್ತಿ ಏಳಲಿ ಅಂತ ಕಾಯಾಕತ್ತೀನಿ! ಮನ್ಯಾಗಿದ್ದ ಮೊಸರೆಲ್ಲಾ ಮದ್ರಾದಾಗ ಹೋತು!"

ಬದರೀನಾಥ ಅರ್ಧ ಎದ್ದ. "ನಮ್ಮ ಕಾರಲ್ಲಿ ಒಂದು ಡಬ್ಬಿ ಮೊಸರನ್ನ ಇದೆ..."

"ಅದ್ಯಾಕ್ರೀ ತಂದ್ರಿ?" ಅಂಬುಜಾಳ ಮುಖ ಕೆಂಪಾಯಿತು.

"ದಾರಿಗೆ ಅಂತ."

"ದಾರಿ ಮುಗಿದು ಎಷ್ಟೋ ಹೊತ್ತಾಯ್ತು!"

"ಕೂಡ್ರಿ ಅಣ್ಣಾರ," ಎಂದಳು ಕೌಸಲ್ಯಾ, ಕಣ್ಣು ತುಂಬಿಕೊಂಡೇ. "ನಡುವ ಯಾರೂ ಏಳಂಗಿಲ್ಲ."

ಅವನು ಕೂತ. ಆಗ ನೀಲಮ್ಮ ಪೇಪರ್ ಪ್ಲೇಟನ್ನು ಮುಂದೆ ನೂಕಿದಳು. "ಬಿಳಿ ಅನ್ನ ಹಾಕವಾ. ಮ್ಯಾಲ ಮದ್ರಾ ಸುರಿ. ಮೊಸರು ಅದರಾಗ ಹೋಗಿದ್ರ, ನಾವೂ ಅಲ್ಲೇ ಹೋಗಿ ಉಣ್ಣೋಣು."

ಕೌಸಲ್ಯಾ ಅವಸರದಲ್ಲಿ ಪಾತ್ರೆಯನ್ನೇ ಬಗ್ಗಿಸಿದಳು; ಮದ್ರಾ ಬೆಡ್‌ಶೀಟಿನ ಮೇಲೂ ಚೆಲ್ಲಿತು. ನೀಲಮ್ಮ ಕಲಸಿ ಉಂಡಳು. "ಇನ್ನೊಂದಿಷ್ಟು," ಎಂದಳು. ಅದನ್ನೂ ಉಂಡು, ಬೆರಳು ನೆಕ್ಕಿ, ಮೊಣಕಾಲು ಹಿಡಿದು ಎದ್ದಳು.

"ಒಡದಿಲ್ಲ ಬಿಡವಾ ನಿನ್ನ ಸಾರು. ಏಳ್ರಿ ಎಲ್ಲಾರೂ."

ಎಲ್ಲರೂ ಎದ್ದರು, ಕಲ್ಲಿನಾಥನೊಬ್ಬನನ್ನು ಬಿಟ್ಟು. "ನನಗ?" ಎಂದ. ಪಾತ್ರೆ ಖಾಲಿಯಾಗಿತ್ತು.

ಬದರೀನಾಥ ಕೈ ತೊಳೆದು, ಕಾರಿನ ಕೀ ಹುಡುಕತೊಡಗಿದ.