ಬೀರ್ ತವೀಲಿನ ಕಾಫಿಗೆ ತೆರಿಗೆ

ನೈಲ್ ದಡದ ನಮ್ಮೂರಿನ ತೆರಿಗೆ ಕಚೇರಿಯ ಮೆಟ್ಟಿಲಲ್ಲಿ ಕೂತು ನಾನು ಅರ್ಜಿ ಬರೆದುಕೊಡುತ್ತೇನೆ. ತೆರಿಗೆ ತಪ್ಪಿಸುವ ದಾರಿ ಕೇಳುವವರೇ ನನ್ನ ಗಿರಾಕಿಗಳು. ಕಟ್ಟಿಯೇ ತೀರುತ್ತೇನೆಂದು ಬಂದವನು ಓಹಾಜ್ ಒಬ್ಬನೇ.

ಓಹಾಜ್ ಅಬಾಬ್ದಾ ಕುಲದವನು. ಆರು ವರ್ಷ ಸುಡಾನ್ ಗಡಿಯ ಬೀರ್ ತವೀಲಿನ ಮರಳುಗಾಡಿನಲ್ಲಿ ಚಿನ್ನ ಅಗೆಯುವವರಿಗೆ ಶುಂಠಿ ಕಾಫಿ ಮಾರಿದ್ದ. ಬಿಸಿಲಿಗೆ ಕಣ್ಣು ಮಂಜಾದ ಮೇಲೆ ಊರಿನ ಮಾರುಕಟ್ಟೆಯಲ್ಲೊಂದು ಅಂಗಡಿ ಕೇಳಿದ. ಹಿಂದಿನ ಗಳಿಕೆಗೆ ತೆರಿಗೆ ಕಟ್ಟಿದ ರಸೀದಿ ತಾ ಎಂದರು ಮಾರುಕಟ್ಟೆಯವರು. ಅರ್ಜಿ ಹಿಡಿದು ಅವನೊಂದಿಗೆ ನಾನೂ ಒಳಗೆ ಹೋದೆ.

ಅಧಿಕಾರಿ ರಿಫಾತ್ ಸಾಹೇಬರು ಉತ್ಸಾಹದಿಂದಲೇ ಪೆನ್ನೆತ್ತಿದರು. "ಗಳಿಸಿದ್ದೆಲ್ಲಿ?"

"ಬೀರ್ ತವೀಲಲ್ಲಿ, ಸಾಹೇಬ್ರೇ."

ಪೆನ್ನು ನಿಂತಿತು. "ಅದು ನಮ್ದಲ್ಲ ಕಣಯ್ಯಾ, ಸುಡಾನಿನವ್ರದ್ದು. ಅಲ್ಲೇ ಕಟ್ಟು."

"ಹೋಗಿದ್ದೆ. ಅವ್ರು ನಿಮ್ದು ಅಂತ ಬೈದು ಕಳಿಸಿದ್ರು."

"ಬೈದೇ ಬೈತಾರೆ."

"ಹಂಗಾದ್ರೆ ತೆರಿಗೆ ಇಲ್ಲ ಅಂತ್ಲೇ ಬರ್ಕೊಡಿ."

"ಅದೆಂಗೆ? ನಿನ್ನ ಮನೆ ಮಠ ಎಲ್ಲಾ ಇಲ್ಲಿದೆ. ಎಲ್ಲಿ ದುಡಿದ್ರೂ ತೆರಿಗೆ ಇದ್ದೇ ಇದೆ."

"ಸರಿ, ತಗೊಳ್ಳಿ."

"ತಗೊಂಡ್ರೆ ರಸೀದೀಲಿ ಜಾಗ ಬರೀಬೇಕಲ್ಲಪ್ಪಾ!"

ಅವರು ಎದ್ದು ಗೋಡೆಯ ನಕ್ಷೆಯ ಮೇಲೆ ಬೆರಳಿಟ್ಟರು. ಎರಡೂ ದೇಶಗಳ ಕಣ್ಣು ಕಡಲ ದಡದ ಹಲಾಯಿಬ್ ಮೇಲೆ. ಹಲಾಯಿಬ್ ನಮ್ಮದೆನ್ನಲು ಇಬ್ಬರೂ ಹಿಡಿಯುವ ಗಡಿಗೆರೆ ಬೇರೆ ಬೇರೆ; ಯಾರ ಗೆರೆ ಹಿಡಿದರೂ ಬೀರ್ ತವೀಲ್ ಇನ್ನೊಬ್ಬರ ಪಾಲಿಗೆ ಬೀಳುತ್ತದೆ. ಇದು ಬೇಕೆಂದರೆ ಅದು ಹೋಯಿತು.

"ನಿನ್ ಕಾಫಿಗೆ ರಸೀದಿ ಹರಿದ್ರೆ ನಮ್ ಕಡಲೇ ಹೋಯ್ತು. ನನ್ ಪಿಂಚಣಿ ಅದಕ್ಕೂ ಮುಂಚೆ!"

"ಈ ಗೆರೆ ಎಳೆಯೋಕೆ ಮುಂಚಿನಿಂದ ನಮ್ಮಜ್ಜಂದಿರು ಅಲ್ಲಿ ಒಂಟೆ ಮೇಯಿಸ್ತಿದ್ರು. ನಮ್ ಕುಲದ್ದೇ ಅಂತ ಬರೀರಿ."

"ಷ್! ಹಂಗಂದ್ರೆ ಒಳಗೆ ಹಾಕ್ತಾರೆ."

ಮೂರು ವಾರ ಓಹಾಜ್ ದಿನವೂ ಬಂದ. ಬರಿಗೈಯಲ್ಲಿ ಬರಬಾರದೆಂದು ಕಾಫಿ ತಂದ. ಸಾಹೇಬರು ಕುಡಿದು, ಆಗಲ್ಲ ಎಂದು ಕಳಿಸುತ್ತಿದ್ದರು. ಕೊನೆಗೊಂದು ದಿನ ಲೋಟ ಕೆಳಗಿಟ್ಟು ಕೇಳಿದರು:

"ಮೀನು ಹಿಡೀತೀಯಾ?"

"ನಾನು ಸಮುದ್ರಾನೇ ನೋಡಿಲ್ಲ."

"ಆರು ವರ್ಷ ಹಲಾಯಿಬ್ ಕಡಲಲ್ಲಿ ಹಿಡಿದಿದ್ದೀಯ. ದೇಶಸೇವೆ ಅಂದ್ಕೋ."

ಓಹಾಜನ ಮುಖ ಸಣ್ಣದಾಯಿತು. "ನಿಜವಾದ ದುಡ್ಡಿಗೆ ಸುಳ್ಳು ರಸೀದಿನಾ ಅಣ್ಣಾ?" ಎಂದು ನನ್ನನ್ನು ನೋಡಿದ. ನಾನು ಛಾವಣಿ ನೋಡಿದೆ. ಅವನು ಪೌಂಡುಗಳನ್ನು ಎಣಿಸಿಕೊಟ್ಟ. ಅಂಗಡಿ ಸಿಕ್ಕಿತು, ವ್ಯಾಪಾರವೂ ಕುದುರಿತು.

ಮರುವರ್ಷ ಮೀನುಗಾರಿಕೆ ಇಲಾಖೆಯಿಂದ ನೋಟೀಸು: ಆರು ವರ್ಷಗಳ ದೋಣಿ ಪರವಾನಗಿ ಎಲ್ಲಿ? ಓಹಾಜ್ ಅದನ್ನು ನನ್ನ ಮುಂದೆ ಹಿಡಿದ.

"ದೋಣಿ ಮುಳುಗಿ ಕಾಗದ ಪತ್ರ ಎಲ್ಲಾ ಹೋಯ್ತು ಅಂತ ಬರೀಲಾ?" ಎಂದೆ.

ಓಹಾಜ್ ಗಡ್ಡ ಸವರಿಕೊಂಡ. "ಬರಿ. ನಾನೊಬ್ನೇ ಈಜಿ ದಡ ಸೇರ್ದೆ ಅಂತ್ಲೂ ಸೇರ್ಸು."