ಬೀಗ ತೆಗೆಸಿದ ವರ್ಷ

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಅಪ್ಪ, ಅವ್ವ ಇಬ್ಬರೂ ಬೇರೆಯವರ ಹೊಲಕ್ಕೆ ಕೂಲಿಗೆ ಹೋಗುವವರು. ದೇವಾಪುರದಿಂದ ಸುರಪುರಕ್ಕೆ ದಿನಾ ಬಸ್ಸಿನಲ್ಲಿ ನಿಂತುಕೊಂಡೇ ಹೋಗುತ್ತಿದ್ದೆ. ಇತಿಹಾಸದ ಪಾಠ ಇಷ್ಟವಾಗಿತ್ತು. ಕಾಲೇಜು ಮಾತ್ರ ಮೊದಲ ವಾರಕ್ಕೇ ಬೇಡವಾಯಿತು.

ಅಲ್ಲಿ ಹುಡುಗಿಯರ ಶೌಚಾಲಯಕ್ಕೆ ಸದಾ ಬೀಗ. 'ಹೊಲಸು ಮಾಡ್ತಾರ' ಎಂದು ಪ್ರಾಂಶುಪಾಲರು ಬೀಗದಕೈಯನ್ನು ತಮ್ಮ ಬಳಿಯೇ ಇಟ್ಟುಕೊಂಡಿದ್ದರು. ನಾವು ಬೆಳಿಗ್ಗೆಯಿಂದ ನೀರು ಕುಡಿಯದೆ ಕೂರುತ್ತಿದ್ದೆವು. ಬೇಸಿಗೆಯಲ್ಲಿ ಒಮ್ಮೆ ನನ್ನ ಪಕ್ಕದ ಗೆಳತಿ ಪಾಠದ ನಡುವೆಯೇ ಬೆಂಚಿನಿಂದ ಕುಸಿದಳು. ಅವಳನ್ನು ಆಟೋದಲ್ಲಿ ದವಾಖಾನೆಗೆ ಸೇರಿಸಿ ಬಂದವಳೇ ಪ್ರಾಂಶುಪಾಲರ ಎದುರು ನಿಂತೆ.

"ಬೀಗ ತಗೀರಿ ಸರ್."

ಅವರು ತಲೆಯನ್ನೂ ಎತ್ತಲಿಲ್ಲ. "ನಿಮ್ಮ ಮನ್ಯಾಗ ಐತೇನು ಅದು?"

ಅಲ್ಲಿದ್ದ ಗುಮಾಸ್ತರು ನಕ್ಕರು.

"ಇಲ್ರಿ. ಊರಾಗ ಬಯಲಾದ್ರೂ ಐತ್ರಿ. ಇಲ್ಲಿ ಅದೂ ಇಲ್ರಿ."

"ಹೊರಗ ನಡಿ!"

ಮರುದಿನ ಹುಡುಗಿಯರೆಲ್ಲ ಅವರ ಬಾಗಿಲ ಮುಂದೆ ಕುಳಿತೆವು. ಹುಡುಗರು ಸಿಳ್ಳೆ ಹೊಡೆದರು. ಉಪನ್ಯಾಸಕರೊಬ್ಬರು ಬಗ್ಗಿ, "ಇಂಟರ್ನಲ್ ಮಾರ್ಕ್ಸ್ ನಮ್ಮ ಕೈಯಾಗ ಅದಾವು, ನೆನಪಿರ್ಲಿ" ಎಂದರು. ಮಧ್ಯಾಹ್ನದ ಹೊತ್ತಿಗೆ ಅರ್ಧದಷ್ಟು ಹುಡುಗಿಯರು ಎದ್ದು ಹೋದರು. ಅವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಪ್ರಾಂಶುಪಾಲರು ಅಪ್ಪನನ್ನು ಕರೆಸಿದರು. ಕುರ್ಚಿ ಖಾಲಿಯಿದ್ದರೂ ಕೂರು ಎನ್ನಲಿಲ್ಲ. "ಮಗಳಿಗಿ ಬುದ್ಧಿ ಹೇಳು, ಇಲ್ಲಂದ್ರ ಕರ್ಕೊಂಡು ಹೋಗು." ಅಪ್ಪ "ಹೂನ್ರಿ ಸಾಹೇಬ್ರ" ಎಂದು ಕೈಮುಗಿದ. ಹೊರಗೆ ಬಂದವನೇ ನನ್ನ ಮೇಲೆ ಎಗರಿದ: "ಓದಾಕ ಕಳಿಸೀನೋ, ಜಗಳಾಡಾಕ ಕಳಿಸೀನೋ?"

"ಎರಡಕ್ಕೂ ಅಂತ ತಿಳ್ಕೋ ಯಪ್ಪಾ."

ಹೊಡೆಯಲು ಕೈ ಎತ್ತಿದ. ಗೇಟಿನಲ್ಲಿ ಜನರಿದ್ದರೆಂದು ಇಳಿಸಿದ. ನನ್ನನ್ನು ಅಲ್ಲೇ ಬಿಟ್ಟು ಊರಿನ ಬಸ್ ಹತ್ತಿದ.

ನಾನು ಮತ್ತೆ ಹೋಗಿ ಕುಳಿತೆ. ಅಷ್ಟರಲ್ಲಿ ದವಾಖಾನೆಯಿಂದ ಗೆಳತಿಯ ಅವ್ವ ಬಂದಳು. ಅವಳ ಗಂಟಲು ದೊಡ್ಡದು. "ನಿಮ್ಮ ಮಗಳು ಇಲ್ಲೇ ಓದಿದ್ರ ಬೀಗ ಹಾಕ್ತಿದ್ರೇನ್ರೀ?" ಎಂದು ಅವಳು ಕೂಗಿದ್ದಕ್ಕೆ ರಸ್ತೆಯ ಜನ ಗೇಟಿನ ಬಳಿ ಸೇರಿದರು. ಅದನ್ನು ಕಂಡ ಪ್ರಾಂಶುಪಾಲರು ಬೀಗದಕೈಯನ್ನು ಜವಾನನತ್ತ ಎಸೆದರು.

ಒಳಗೆ ನಲ್ಲಿಯಿತ್ತು, ನೀರಿರಲಿಲ್ಲ. ಅದಕ್ಕೂ ಜಗಳವಾಡಬೇಕಾಯಿತು.

ಆ ವರ್ಷ ಇಂಟರ್ನಲ್‌ನಲ್ಲಿ ಇಡೀ ತರಗತಿಗೆ ನನ್ನ ಅಂಕಗಳೇ ಕಡಿಮೆ. ಪರೀಕ್ಷೆ ಚೆನ್ನಾಗಿ ಬರೆದು ಪಾಸಾದೆ. ಕಡೆಗೆ ಪದವಿ ಮುಗಿಸಿ ಟಿ.ಸಿ. ತರಲು ಹೋದಾಗ ಗುಮಾಸ್ತರು, "ಸಾಹೇಬ್ರಿಗಿ ಒಂದು ನಮಸ್ಕಾರ ಮಾಡಿ ಹೋಗವ್ವಾ" ಎಂದರು. ಮಾಡಲಿಲ್ಲ. ಈಗ ಶಹಾಪುರದಲ್ಲಿ ಬಿ.ಇಡಿ. ಓದುತ್ತಿದ್ದೇನೆ. ಬಸ್ ನಿಲ್ದಾಣದಲ್ಲಿ ಆ ಪ್ರಾಂಶುಪಾಲರು ಎದುರಾದರೂ ಮಾಡುವುದಿಲ್ಲ.