ಮೆಣಸಿಗೆ ಘಾಟು ಬಾರದ ರಾತ್ರಿ

ಇದನ್ನು ಓದಿ ನಗುವವರು ಈಗಲೇ ನಕ್ಕುಬಿಡಿ, ಆಮೇಲೆ ನನಗೆ ಅಡ್ಡ ಬರಬೇಡಿ. ನನ್ನ ಗಂಡ ಪ್ರತಿಸಲವೂ "ಅವತ್ತು ನಿಂಗೆ ಜ್ವರ ಇತ್ತೇನೋ" ಎನ್ನುತ್ತಾರೆ. ಜ್ವರ ಇರಲಿಲ್ಲ. ನಿದ್ದೆಗಣ್ಣೂ ಅಲ್ಲ, ಅಂಥ ಅಪರಾತ್ರಿಯೂ ಅಲ್ಲ. ಹೊಟ್ಟೆ ತುಂಬ ಅನ್ನ ಸಾರು ಉಂಡಿದ್ದೆ. ಅಲ್ಲದೆ ಆ ರಾತ್ರಿ ಕೊನೆಯಲ್ಲಿ ಕೇಳಿಸಿದ ಸದ್ದು ನನ್ನೊಬ್ಬಳ ಕಿವಿಗೆ ಬಿದ್ದದ್ದಲ್ಲ, ನಾಲ್ಕು ಜನ ಕೇಳಿದ್ದೇವೆ.

ತೊಂಬತ್ತರ ದಶಕದ ನಡುವಿನ ಮಾತು. ನಾನೂ ವಿದ್ಯಾಳೂ ಸ್ಯಾನ್ ಡಿಯೇಗೋದಲ್ಲಿ ಎಂ.ಎಸ್. ಓದುತ್ತಿದ್ದೆವು. ಬಫಲೊ ಎಂಬ ಹಿಮ ಬೀಳುವ ಊರಿನ ಯೂನಿವರ್ಸಿಟಿಯಲ್ಲೂ ಇಬ್ಬರಿಗೂ ಸೀಟು ಸಿಕ್ಕಿತ್ತು. ಚಳಿಗೆ ಹೆದರಿ ಇಲ್ಲಿಗೆ ಬಂದವರು ನಾವು. ನಾನು ಬೆಂಗಳೂರಿನ ಚಾಮರಾಜಪೇಟೆಯವಳು, ಅವಳು ಮಂಗಳೂರಿನವಳು. ಐದು ಹುಡುಗಿಯರು ಒಂದೇ ಬಚ್ಚಲಿಗೆ ಕ್ಯೂ ನಿಲ್ಲುವ ಅಪಾರ್ಟ್‌ಮೆಂಟಿನಲ್ಲಿ ಇದ್ದೆವು. ಹಾಲ್‌ನಲ್ಲಿ ಪಕ್ಕಪಕ್ಕದಲ್ಲೇ ನಮ್ಮ ಹಾಸಿಗೆ.

ವಿದ್ಯಾ ಕೆಟ್ಟವಳಲ್ಲ. ನನ್ನ ಕಷ್ಟವೇ ಅದು. ಕೆಟ್ಟವಳಾಗಿದ್ದರೆ ಆರಾಮಾಗಿ ಬೈದುಕೊಂಡು ಇರುತ್ತಿದ್ದೆ. ಅವಳಿಗೆ ಕಾರಿನಲ್ಲಿ ಎರಡು ಗಂಟೆ ದೂರದ ಸೆರಿಟೋಸ್‌ನಲ್ಲಿ ಚಿಕ್ಕಪ್ಪ ಚಿಕ್ಕಮ್ಮ ಇದ್ದರು, ಅವರು ಕೊಟ್ಟ ಹಳೇ ಕಾರಿತ್ತು. ಪ್ರೊಫೆಸರರು ಕರೆದು ಕೆಲಸ ಕೊಟ್ಟಿದ್ದರು. ನಾನು ಬಸ್ಸಿಗೆ ಕಾಯುತ್ತ ನಿಂತಿದ್ದರೆ ಕಾರು ನಿಲ್ಲಿಸಿ "ಹತ್ತು ಮಾರಾಯ್ತಿ" ಎನ್ನುವಳು. ಹತ್ತುತ್ತಿದ್ದೆ. ಹತ್ತಿ ಕೂತು, ದಾರಿಯುದ್ದಕ್ಕೂ ಹೊಟ್ಟೆ ಉರಿದುಕೊಳ್ಳುತ್ತಿದ್ದೆ.

ಕ್ಯಾಂಪಸ್ಸಿನ ಹೊರಗೆ ಬೇರೆ ಜಾಗ ಹುಡುಕೋಣವೆಂದು ಇಬ್ಬರೂ ಹೊರಟೆವು. ಲೈಬ್ರರಿಯ ಬೋರ್ಡಿನಲ್ಲಿ ಅಂಟಿಸಿದ ಚೀಟಿಗಳಿಂದ ಫೋನ್ ನಂಬರ್ ಹರಿದುಕೊಂಡು ಮನೆಮನೆ ಅಲೆದೆವು. ಒಂದು ಕಡೆ ಗ್ಯಾರೇಜಿಗೇ ಕಾರ್ಪೆಟ್ ಹಾಸಿ ರೂಮು ಅಂದರು, ಒಳಗೆ ಬೆಕ್ಕಿನ ಉಚ್ಚೆಯ ವಾಸನೆ. ಇನ್ನೊಂದು ಕಡೆ ಒಗ್ಗರಣೆ ಹಾಕಬಾರದು ಎಂದರು.

ಕೊನೆಗೆ ಮಿಸೆಸ್ ಕೋಲ್ ಅವರ ಮನೆ ಸಿಕ್ಕಿತು. ರಸ್ತೆಯ ತುದಿಯಲ್ಲಿ ಒಂಟಿ ಮನೆ. ಹಿಂದೆ ಕಣಿವೆ, ನೀಲಗಿರಿ ಮರಗಳು. ಬಾಡಿಗೆಗೆ ಇದ್ದದ್ದು ಮಹಡಿಯ ಮೇಲಿನ ಒಂದೇ ಕೋಣೆ. ದೊಡ್ಡ ಮೇಜು, ಮಂಚ, ಹಳದಿ ಪರದೆ. ಕಿಟಕಿ ತೆರೆದರೆ ಮರಗಳ ಸಂದಿನಲ್ಲಿ ಬೆರಳಗಲ ಸಮುದ್ರ.

ಆ ಸಮುದ್ರ ನೋಡಿದ್ದೇ ಮನಸ್ಸಿನಲ್ಲೇ ಅಮ್ಮನಿಗೆ ಫೋನ್ ಮಾಡಿಬಿಟ್ಟೆ. 'ಅಮ್ಮಾ, ರೂಮ್ ಸಿಕ್ತು, ಕಿಟಕೀಲಿ ಸಮುದ್ರ ಕಾಣತ್ತೆ...' ಹೀಗೆ ಹೇಳಬೇಕು ಎಂದು ಮಾತು ಜೋಡಿಸಿಕೊಂಡು ಹಿಂತಿರುಗಿದರೆ, ಮಿಸೆಸ್ ಕೋಲ್ ವಿದ್ಯಾಳ ಕೈ ಹಿಡಿದುಕೊಂಡು ನಿಂತಿದ್ದಾರೆ! "ಈ ಕೋಣೆಗೆ ನೀನೇ ಸರಿ" ಎಂದು ಇಂಗ್ಲಿಷಿನಲ್ಲಿ ಹೇಳುತ್ತಿದ್ದಾರೆ. ನನ್ನ ಕಡೆ ನೋಡಲೂ ಇಲ್ಲ. ನಾನೇನು ಕಂಬವೇ?

ಕ್ರಿಸ್‌ಮಸ್ ರಜೆಗೆ ಮಿಸೆಸ್ ಕೋಲ್ ಬಫಲೊದಲ್ಲಿದ್ದ ಮಗಳ ಮನೆಗೆ, ಆ ಹಿಮದ ಊರಿಗೆ ಹೊರಟಿದ್ದರು. ಅವರು ಬರುವ ತನಕ ಮನೆ ನೋಡಿಕೊಂಡು ಇದ್ದು ನೋಡು, ಒಪ್ಪಿಗೆಯಾದರೆ ಆಮೇಲೆ ಲೀಸ್‌ಗೆ ಸಹಿ ಹಾಕು ಎಂದು ವಿದ್ಯಾಳಿಗೆ ಬೀಗದ ಕೈ ಕೊಟ್ಟರು.

"ನೀನೂ ಬಾ, ನನಗೊಬ್ಬಳಿಗೆ ಬೋರು" ಎಂದಳು ವಿದ್ಯಾ. ಹೋದೆ. ಅವಳಿಗೆ ಏನಾದರೂ ಒಪ್ಪಿಗೆಯಾಗದೆ ಹೋದರೆ ಕೋಣೆ ನನಗೇ ಎಂಬ ಒಂದೇ ಆಸೆಯಿಂದ ಹೋದೆ.

ಮೊದಲ ದಿನ ಅವಳು ಮೇಲೆ ಮಲಗಿದಳು, ನಾನು ಕೆಳಗೆ ಸೋಫಾದಲ್ಲಿ. ದೀಪ ಆರಿಸಿ ಸ್ವಲ್ಪ ಹೊತ್ತಿಗೇ ಮೇಲಿಂದ ಮಾತು ಕೇಳಿಸಿತು. ಮಾತು... ನಗು... ಕುರ್ಚಿ ಎಳೆದ ಸದ್ದು. ಮೆಟ್ಟಿಲಿನಿಂದ ಬಿಸಿ ಕಾಫಿಯ ಪರಿಮಳ ಬೇರೆ ಇಳಿದು ಬಂತು. ಬಂದ ದಿನವೇ ಯಾರನ್ನೋ ಕರೆಸಿಕೊಂಡಿದ್ದಾಳೆ, ನನ್ನನ್ನು ಕರೆಯಲಿಲ್ಲ ಎಂದು ಕಂಬಳಿ ಮುಸುಕೆಳೆದೆ.

ಬೆಳಿಗ್ಗೆ ಕೇಳಿಯೇಬಿಟ್ಟೆ. "ರಾತ್ರಿ ಯಾರೇ ಬಂದಿದ್ರು?"

ಅವಳು ಬ್ರೆಡ್ಡಿಗೆ ಬೆಣ್ಣೆ ಹಚ್ಚುವುದನ್ನು ನಿಲ್ಲಿಸಿದಳು. "ಎಂತ ತಮಾಷೆ ನಿಂದು? ನಾನು ಬಿದ್ದದ್ದೇ ನಿದ್ದೆ. ಮಧ್ಯದಲ್ಲಿ ಎಚ್ಚರ ಆದಾಗ ನೀನೇ ಜೋರಾಗಿ ನಗ್ತಾ ಇದ್ದದ್ದು ಕೇಳಿತಪ್ಪ. ಫೋನಲ್ಲಿ ಯಾರು?"

ಸುಳ್ಳು ಹೇಳುತ್ತಿದ್ದಾಳೆ ಎಂದುಕೊಂಡೆ. ಅವಳೂ ಹಾಗೇ ಅಂದುಕೊಂಡಿರಬೇಕು.

ಅವತ್ತು ಮಧ್ಯಾಹ್ನ ವಿದ್ಯಾ ಸೆರಿಟೋಸ್‌ಗೆ ಹೊರಟಳು. ಸಹಿ ಹಾಕುವ ಮೊದಲು ಚಿಕ್ಕಪ್ಪ ಚಿಕ್ಕಮ್ಮ ಮನೆ ನೋಡಬೇಕಂತೆ. ಹೋಗುವಾಗ ಮೇಲಿನ ಕೋಣೆಗೆ ಬೀಗ ಹಾಕಿ, ಕೀಲಿಯನ್ನು ಪರ್ಸಿಗೆ ಹಾಕಿಕೊಂಡು ಹೋದಳು. ಮನೆಯಲ್ಲಿ ಇರುವವಳು ನಾನೊಬ್ಬಳು. ಬೀಗ ಯಾರಿಗೋಸ್ಕರ ಹೇಳಿ? ಮೈಯೆಲ್ಲ ಉರಿದುಹೋಯಿತು.

ಡಿಸೆಂಬರಿನಲ್ಲಿ ಅಲ್ಲಿ ಬೇಗ ಕತ್ತಲಾಗುತ್ತದೆ. ಅಡಿಗೆ ಮಾಡಿ, ಉಂಡು, ಪಾತ್ರೆ ತೊಳೆಯುತ್ತಿದ್ದೆ. ಹೊರಗೆ ನೀಲಗಿರಿ ಎಲೆಗಳ ಸರಸರ. ನಲ್ಲಿ ನಿಲ್ಲಿಸಿದೆ...

ತಲೆಯ ಮೇಲೆ ಹೆಜ್ಜೆ ಸದ್ದು.

ನಿಧಾನವಾಗಿ, ತನ್ನ ಮನೆಯಲ್ಲಿ ತಾನು ಓಡಾಡಿದ ಹಾಗೆ. ಆಮೇಲೆ ಕುರ್ಚಿ ಎಳೆದ ಸದ್ದು. ಆಮೇಲೆ ನಗು.

ವಿದ್ಯಾ ಬಂದಳೇ? ಕಿಟಕಿಯಲ್ಲಿ ನೋಡಿದರೆ ಕಾರಿಲ್ಲ. ಬೇರೆ ಯಾರೇ ಆಗಿದ್ದರೂ ಓಡಿಹೋಗುತ್ತಿದ್ದರು. ನನ್ನನ್ನು ಮೇಲೆ ಹತ್ತಿಸಿದ್ದು ಧೈರ್ಯವಲ್ಲ, ಹೊಟ್ಟೆಕಿಚ್ಚು. ನನಗೆ ಬೀಗ ಹಾಕಿದ ಕೋಣೆಯಲ್ಲಿ ಇನ್ಯಾರಿಗೆ ಜಾಗ ಕೊಟ್ಟಿದ್ದಾಳೆ ನೋಡೇಬಿಡೋಣ ಎಂದು ಒದ್ದೆ ಕೈಯಲ್ಲೇ ಮೆಟ್ಟಿಲು ಹತ್ತಿದೆ.

ಬಾಗಿಲಿನ ಬೀಗ ಹಾಕಿದ ಹಾಗೇ ಇತ್ತು. ಕೆಳಗಿನ ಸಂದಿನಲ್ಲಿ ಮಾತ್ರ ಬೆಳಕು. ಕಿವಿ ಕೊಟ್ಟೆ.

"ಅಮ್ಮಾ, ರೂಮ್ ಸಿಕ್ತು..." ಒಳಗೆ ಯಾರೋ ಹೇಳುತ್ತಿದ್ದರು. "ಹ್ಞೂಂ, ನಂಗೇ ಸಿಕ್ತು. ಕಿಟಕೀಲಿ ಸಮುದ್ರ ಕಾಣತ್ತೆ..."

ಅದು ವಿದ್ಯಾಳ ದನಿಯಲ್ಲ. ಮಂಗಳೂರಿನ ಮಾತೂ ಅಲ್ಲ.

ನನ್ನ ದನಿ.

ಟೇಪಿನಲ್ಲಿ ನಮ್ಮದೇ ದನಿ ಕೇಳಿದಾಗ ಒಂಥರಾ ಕಸಿವಿಸಿಯಾಗುತ್ತದಲ್ಲ, ಹಾಗೆ. ನಾನೇ. ಆದರೆ ನಾನು ಅಷ್ಟು ಸಂತೋಷವಾಗಿ ಮಾತಾಡಿ ಎಷ್ಟೋ ಕಾಲವಾಗಿತ್ತು. ನಿಮಗೆ ವಿಚಿತ್ರ ಅನ್ನಿಸಬಹುದು, ನನಗೆ ಮೊದಲು ಆದದ್ದು ಹೆದರಿಕೆ ಅಲ್ಲ. ಅಯ್ಯೋ, ಇವಳಿಗೆ ಸಿಕ್ಕಿತಲ್ಲ ಎಂಬ ಸಂಕಟ.

"ಇಲ್ಲಮ್ಮ, ನಾನೊಬ್ಳೇ ಅಲ್ಲ," ಎಂದಿತು ಆ ದನಿ, ತಗ್ಗಿ. "ಇನ್ನೊಬ್ಳಿದಾಳೆ. ಈಗ ಬಾಗಿಲ ಹತ್ರ ನಿಂತಿದಾಳೆ..."

ಕುರ್ಚಿ ಹಿಂದೆ ಸರಿಯಿತು. ಹೆಜ್ಜೆಗಳು ಬಾಗಿಲ ತನಕ ಬಂದು ನಿಂತವು. ಕೆಳಗಿನ ಬೆಳಕಿನಲ್ಲಿ ಎರಡು ಪಾದಗಳ ನೆರಳು. ಹಿಡಿಕೆ ಒಂದಿಷ್ಟು ತಿರುಗಿತು... ಮತ್ತೆ ತಿರುಗಿತು... ಬೀಗ ತಡೆಯಿತು.

ಅಷ್ಟರಲ್ಲಿ ಅಂಗಳಕ್ಕೆ ಕಾರು ಬಂತು. ಸಂದಿನ ಬೆಳಕು ಆರಿಹೋಯಿತು.

ಹೇಗೆ ಇಳಿದೆನೋ ತಿಳಿಯದು. ವಿದ್ಯಾ, ಅವಳ ಚಿಕ್ಕಪ್ಪ, ಚಿಕ್ಕಮ್ಮ ಒಳಗೆ ಬಂದಾಗ ಅಡಿಗೆಮನೆಯಲ್ಲಿ ಒರೆಸಿದ ತಟ್ಟೆಯನ್ನೇ ಒರೆಸುತ್ತ ನಿಂತಿದ್ದೆ. ನಾನು ಅವರನ್ನು ಅಂಕಲ್, ಆಂಟಿ ಎನ್ನುತ್ತಿದ್ದೆ. ಉಡುಪಿ ಕಡೆಯವರು, ಸೆರಿಟೋಸ್‌ನ ಪಕ್ಕದ ಆರ್ಟೀಸಿಯಾದಲ್ಲಿ ದಿನಸಿ ಅಂಗಡಿ ಇಟ್ಟಿದ್ದರು.

"ಎಂತ ಮಾರಾಯ್ತಿ, ಮುಖ ಬಿಳುಚಿಕೊಂಡಿದೆಯಲ್ಲ?" ಎಂದರು ಆಂಟಿ.

"ಏನಿಲ್ಲ ಆಂಟಿ, ತಲೆನೋವು."

ಏನೆಂದು ಹೇಳಲಿ? ಮೇಲೆ ನಾನಿದ್ದೇನೆ ಎನ್ನಲೇ?

ಆಂಟಿ ಚೀಲದಿಂದ ಒಣಮೆಣಸು, ಕಲ್ಲುಪ್ಪು ತೆಗೆದರು. ದಾರಿಯಲ್ಲಿ ಫ್ರೀವೇ ಮೇಲೆ ವಿದ್ಯಾಳ ಟೈರ್ ಒಡೆದಿತ್ತಂತೆ. "ಇಷ್ಟು ಒಳ್ಳೆ ಕೋಣೆ ಸಿಕ್ಕಿದೆ, ಯಾರದ್ದೋ ಕಣ್ಣು ಬಿದ್ದಿದೆ. ದೃಷ್ಟಿ ತೆಗಿಯದೆ ನಾನು ಇವಳನ್ನು ಇಲ್ಲಿ ಬಿಡುವುದಿಲ್ಲ" ಎಂದರು. ಯಾರ ಕಣ್ಣೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಲೆಕ್ಕ ನಿಮಗೂ ಗೊತ್ತಿರುತ್ತದೆ. ನಿವಾಳಿಸಿದ ಮೆಣಸನ್ನು ಕೆಂಡಕ್ಕೆ ಹಾಕಿದಾಗ ಘಾಟು ಬಂದು ಕೆಮ್ಮು ಹತ್ತಿದರೆ ದೃಷ್ಟಿ ಇಲ್ಲ. ಘಾಟೇ ಬರದಿದ್ದರೆ ದೃಷ್ಟಿ ಆಗಿದೆ ಎಂದರ್ಥ. ಅಲ್ಲಿ ಕೆಂಡವೆಲ್ಲಿ? ಕರೆಂಟಿನ ಒಲೆಯ ಮೇಲೆ ಬಾಣಲೆ ಕಾಯಲಿಟ್ಟರು. ವಿದ್ಯಾಳನ್ನು ಕುರ್ಚಿಯಲ್ಲಿ ಕೂರಿಸಿ, "ಕಂಡವರ ಕಣ್ಣು, ಕಾಣದವರ ಕಣ್ಣು, ಹತ್ತಿರದವರ ಕಣ್ಣು..." ಎನ್ನುತ್ತ ನಿವಾಳಿಸಿ, ಮೆಣಸನ್ನು ಬಾಣಲೆಗೆ ಹಾಕಿದರು.

ಘಾಟೆಂದರೆ ಘಾಟು! ನಾಲ್ವರಿಗೂ ಕೆಮ್ಮು, ಮೂಗಲ್ಲಿ ಕಣ್ಣಲ್ಲಿ ನೀರು. ಸ್ಮೋಕ್ ಅಲಾರಂ ಕಿಟಾರನೆ ಕಿರುಚಿಕೊಂಡಿತು. ಅಂಕಲ್ ಸ್ಟೂಲ್ ಹತ್ತಿ ಪೇಪರಿನಿಂದ ಬೀಸಿ ಬೀಸಿ ಅದರ ಬಾಯಿ ಮುಚ್ಚಿಸಿದರು.

"ನೋಡಿ, ಏನೂ ದೃಷ್ಟಿ ಇಲ್ಲ" ಎಂದು ನಕ್ಕಳು ವಿದ್ಯಾ. ನನಗೆ ಸಮಾಧಾನದ ಜೊತೆಗೆ ಅವಮಾನವೂ ಆಯಿತು. ಇಷ್ಟು ದಿನ ಉರಿದದ್ದು ಅವಳಿಗೆ ಒಂಚೂರೂ ತಾಗಲಿಲ್ಲವೇ?

ಆಂಟಿ ನನ್ನ ಕಡೆ ತಿರುಗಿದರು. "ನೀನೂ ಕೂತ್ಕೊ ಮಗಾ. ನೀನೂ ಮನೆ ಬಿಟ್ಟು ಬಂದವಳೇ ಅಲ್ವಾ?"

ಬೇಡವೆಂದರೂ ಬಿಡಲಿಲ್ಲ. ಅದೇ ಪೊಟ್ಟಣದ ಮೆಣಸು, ಅದೇ ಬಾಣಲೆ. ನನ್ನ ತಲೆಯಿಂದ ಕಾಲಿನವರೆಗೆ ಇಳಿತೆಗೆದು ಹಾಕಿದರು.

ಮೆಣಸು ಚಟಪಟ ಸಿಡಿದು ಕಪ್ಪಾಯಿತು. ಹೊಗೆ ದಟ್ಟವಾಗಿ ಎದ್ದಿತು.

ಯಾರೂ ಕೆಮ್ಮಲಿಲ್ಲ.

ಘಾಟಿಲ್ಲ. ವಾಸನೆಯೇ ಇಲ್ಲ. ಹೊಗೆ ಅಲಾರಮ್ಮಿನ ಕೆಳಗೇ ಸುತ್ತುತ್ತಿತ್ತು, ಅದೂ ಬಾಯಿ ಬಿಡಲಿಲ್ಲ. ಆಂಟಿ ಬಾಣಲೆಯ ಮೇಲೆ ಬಗ್ಗಿ ಮೂಸಿದರು. ಒಲೆ ಆರಿಸಿದರು.

"ಇವಳ ಮೇಲೆ ಯಾರದ್ದೋ ದೊಡ್ಡ ಕಣ್ಣು ಉಂಟು" ಎಂದರು ಮೆಲ್ಲಗೆ.

ನನ್ನ ಮೇಲೆ? ಕಾರಿಲ್ಲ, ಕೋಣೆಯಿಲ್ಲ, ಸೋಫಾದಲ್ಲಿ ಮಲಗುವ ನನ್ನ ಮೇಲೆ ಯಾರಿಗೆ ಹೊಟ್ಟೆಕಿಚ್ಚು? ವಿದ್ಯಾ ನನ್ನ ಮುಖ ನೋಡಿದಳು. "ನಂದಲ್ಲ ಮಾರಾಯ್ತಿ, ದೇವರಾಣೆ" ಎಂದಳು. ಅವಳ ಮಾತು ಮುಗಿದಿರಲಿಲ್ಲ...

ಮೇಲಿನ ಕೋಣೆಯಲ್ಲಿ ಯಾರೋ ಕೆಮ್ಮಿದರು.

ಒಂದು ಸಲ. ಆಮೇಲೆ ತಡೆಯಲಾರದೆ, ಗಂಟಲು ಹರಿಯುವ ಹಾಗೆ ಕೆಮ್ಮು, ಕೆಮ್ಮು. ನಾಲ್ವರೂ ತಲೆಯೆತ್ತಿ ಸೂರು ನೋಡುತ್ತ ನಿಂತೆವು.

ಅಂಕಲ್ ವಿದ್ಯಾಳ ಕೈಯಿಂದ ಕೀಲಿ ಕಿತ್ತುಕೊಂಡು ಮೇಲೆ ಹೋದರು. ಬೀಗ ತೆಗೆದದ್ದು ಕೇಳಿಸಿತು. ಮರುಗಳಿಗೆಗೆ ಧಡಧಡನೆ ಇಳಿದು ಬಂದರು, ಕೆಮ್ಮುತ್ತ, ಕಣ್ಣಲ್ಲಿ ಧಾರಾಕಾರ ನೀರು. ಒಳಗೆ ಯಾರೂ ಇರಲಿಲ್ಲವಂತೆ. ಮುಚ್ಚಿದ ಕೋಣೆಯ ತುಂಬ ಮೆಣಸಿನ ಘಾಟಂತೆ.

"ಮೊದಲನೇ ಸಲದ ಹೊಗೆ ಮೇಲೆ ಹೋಗಿದೆ, ಅಷ್ಟೆ" ಎಂದರು ಅಂಕಲ್. ಅಷ್ಟೆ ಎನ್ನುತ್ತಲೇ ನಮ್ಮ ಬಟ್ಟೆಬರೆ ಕೈಗೆ ಸಿಕ್ಕ ಹಾಗೆ ಚೀಲಕ್ಕೆ ತುರುಕುತ್ತಿದ್ದರು. ಆ ರಾತ್ರಿಯೇ ಸೆರಿಟೋಸ್‌ಗೆ ಹೊರಟೆವು. ಕಾರಿನಲ್ಲಿ ನಾನು ಹಿಂದೆ ತಿರುಗಿ ನೋಡಲಿಲ್ಲ. ವಿದ್ಯಾ ನೋಡಿದಳು, ಏನು ಕಂಡಳೆಂದು ಇವತ್ತಿಗೂ ಹೇಳಿಲ್ಲ.

ಕೋಣೆ ಬೇಡವೆಂದು ಬರೆದು ವಿದ್ಯಾ ಕೀಲಿಯನ್ನು ಪೋಸ್ಟಿನಲ್ಲಿ ಕಳಿಸಿದಳು. ನಾವಿಬ್ಬರೂ ಮತ್ತೆ ಹಾಲ್‌ನ ಹಾಸಿಗೆಗೆ, ಬಚ್ಚಲಿನ ಕ್ಯೂಗೆ ಮರಳಿದೆವು. ಜನವರಿಯ ಒಂದು ಸಂಜೆ ಫೋನ್ ಬಂತು. ನಾನೇ ಎತ್ತಿದೆ. ಮಿಸೆಸ್ ಕೋಲ್.

"ವಿದ್ಯಾಗೆ ಹೇಳಿಬಿಡು, ಅವಳ ಸ್ವೆಟರ್ ಇಲ್ಲೇ ಉಳಿದಿದೆ" ಎಂದರು. ನನ್ನನ್ನು ಬೇರೆ ಯಾರೋ ರೂಮ್‌ಮೇಟ್ ಅಂದುಕೊಂಡಿದ್ದರು. "ಅವಳಿಗೆ ಕೋಣೆ ಬೇಡವಾದರೂ ಪರವಾಗಿಲ್ಲ. ಅವಳ ಗೆಳತಿ ಸುಮಾ ಬಂದಿದ್ದಾಳಲ್ಲ. ನಾನು ಊರಿಂದ ಬರುವಷ್ಟರಲ್ಲೇ ಬಂದು ಸೇರಿಕೊಂಡಿದ್ದಳು. ಬಹಳ ಒಳ್ಳೆ ಹುಡುಗಿ, ಸದಾ ನಗುತ್ತಿರುತ್ತಾಳೆ. ಕರೆಯಲಾ, ಮಾತಾಡುತ್ತೀಯಾ?"

ಸುಮಾ ನನ್ನ ಹೆಸರು.

ಬೇಡ ಎನ್ನುವಷ್ಟರಲ್ಲಿ ಅವರು ಕೂಗಿಯಾಗಿತ್ತು. ಮರದ ಮೆಟ್ಟಿಲಿನ ಮೇಲೆ ಯಾರೋ ಓಡಿ ಇಳಿಯುವ ಸದ್ದು ಫೋನಿನಲ್ಲಿ ಸ್ಪಷ್ಟವಾಗಿ ಕೇಳಿತು... ಇಳಿಯುತ್ತ ಇಳಿಯುತ್ತ ಹತ್ತಿರವಾಯಿತು... ಫೋನ್ ಇಟ್ಟುಬಿಟ್ಟೆ.

"ಯಾರು?" ಎಂದಳು ವಿದ್ಯಾ, ಚಪಾತಿ ಲಟ್ಟಿಸುತ್ತ.

"ರಾಂಗ್ ನಂಬರ್ ಕಣೇ."

ಆ ರಸ್ತೆಗೆ ನಾನು ಮತ್ತೆ ಹೋಗಿಲ್ಲ. ಈಗ ವುಡ್‌ಲ್ಯಾಂಡ್ ಹಿಲ್ಸ್‌ನಲ್ಲಿ ನಮ್ಮದೇ ಮನೆ. ಸಮುದ್ರ ಕಾಣುವುದಿಲ್ಲ, ಪಕ್ಕದ ಮನೆಯ ಗ್ಯಾರೇಜು ಕಾಣುತ್ತದೆ. ಆ ಹಳದಿ ಪರದೆಯ ಕೋಣೆ ನೆನಪಾದಾಗ ಈಗಲೂ ಹೊಟ್ಟೆಯಲ್ಲಿ ಸಣ್ಣಗೆ ಉರಿಯುತ್ತದೆ, ಸುಳ್ಳೇಕೆ ಹೇಳಲಿ. ಆದರೆ ಮಗಳು ಮಲಗಿ, ಗಂಡ ಮಲಗಿ, ಮನೆ ನಿಶ್ಶಬ್ದವಾದಾಗ ಕಾಡುವ ಪ್ರಶ್ನೆ ಬೇರೆ. ನನಗೆ ಬೇಕಾಗಿದ್ದ ಕೋಣೆ ಆ ಇನ್ನೊಬ್ಬ ಸುಮಾಗೆ ಸಿಕ್ಕಿತು. ಮತ್ತೆ ನನ್ನ ಹತ್ತಿರ ಇರುವ ಯಾವುದರ ಮೇಲೆ ಅವಳ ಆ ದೊಡ್ಡ ಕಣ್ಣು? ಯಾವುದೆಂದು ತಿಳಿದಿದ್ದರೆ ಅದನ್ನಾದರೂ ಜೋಪಾನ ಮಾಡಿಕೊಳ್ಳುತ್ತಿದ್ದೆ.